ಅಸಿಟ್ರೋಮ್ ತೆಗೆದುಕೊಳ್ಳುವ ಅಮ್ಮನಿಗೆ ನ್ಯಾಂಡ್ರೋಲೋನ್ ಇಂಜೆಕ್ಷನ್ ಕೊಡಿಸಬಹುದೇ?

ತುಂಗಾತೀರ:
ಅಮ್ಮನಿಗೆ 72 ವರ್ಷ, ತೂಕ 48 ಕೆ.ಜಿ. ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ ಅಷ್ಟೇ. ಊಟ ಸೇರುತ್ತಿಲ್ಲ. ಹೃದಯದ ಬಡಿತದಲ್ಲಿ ಏರುಪೇರು ಇರುವುದರಿಂದ ರಕ್ತ ತೆಳುವಾಗಿಸುವ ಅಸಿಟ್ರೋಮ್ 2 ಮಿ.ಗ್ರಾಂ., ಸಕ್ಕರೆಗೆ ಗ್ಲಿಮೆಪಿರೈಡ್ 1 ಮಿ.ಗ್ರಾಂ. ನಡೆಯುತ್ತಿದೆ. ಬಿಪಿ ಮಾತ್ರೆಯೂ ಇದೆ. ಊರಿನ ಡಾಕ್ಟರು ಶಕ್ತಿ ಬರಲಿ ಅಂತ ನ್ಯಾಂಡ್ರೋಲೋನ್ ಡೆಕನೋಯೇಟ್ 50 ಮಿ.ಗ್ರಾಂ., ಮೂರು ವಾರಕ್ಕೊಂದರಂತೆ ಆರು ಇಂಜೆಕ್ಷನ್ ಬರೆದಿದ್ದಾರೆ. ಸ್ಟಿರಾಯ್ಡ್ ಅಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ ಅಂತ ಅಕ್ಕ ಹೆದರಿಸುತ್ತಿದ್ದಾಳೆ. ಕೊಡಿಸಬಹುದೇ? ಮೊದಲು ಏನೇನು ಪರೀಕ್ಷೆ ಮಾಡಿಸಬೇಕು?

ಔಷಧಿ ಕಟ್ಟೆ:
ಅಕ್ಕ ಹೇಳುತ್ತಿರುವುದು ಪ್ರೆಡ್ನಿಸೊಲೋನ್ ಜಾತಿಯ ಸ್ಟಿರಾಯ್ಡ್ ಬಗ್ಗೆ. ಇದು ಅದಲ್ಲ, ಗಂಡು ಹಾರ್ಮೋನಿನ ಬಳಗದ್ದು. ಇದರಲ್ಲಿ ಸಕ್ಕರೆ ಏರುವುದಕ್ಕಿಂತ ಇಳಿಯುವ ಭಯವೇ ಜಾಸ್ತಿ, ಅದರಲ್ಲೂ ಗ್ಲಿಮೆಪಿರೈಡ್ ನುಂಗಿ ಅರ್ಧ ಊಟ ಬಿಡುವ ವಯಸ್ಸಾದವರಿಗೆ. ಬೆವರು, ನಡುಕ, ಏನೇನೋ ಮಾತಾಡುವುದು ಕಂಡರೆ ತಕ್ಷಣ ಗ್ಲುಕೋಮೀಟರ್ ಹಚ್ಚಿ. 70ಕ್ಕಿಂತ ಕೆಳಗಿದ್ದು ನುಂಗುವಷ್ಟು ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಆದರೆ ನಿಮ್ಮ ಚೀಟಿಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅಸಿಟ್ರೋಮ್. ನ್ಯಾಂಡ್ರೋಲೋನ್ ಬಳಗದ ಔಷಧಿಗಳು ರಕ್ತ ತೆಳುವಾಗಿಸುವ ಮಾತ್ರೆಯ ಕೆಲಸವನ್ನು ಜೋರು ಮಾಡುತ್ತವೆ. ಎಷ್ಟು ಜೋರು ಅಂದರೆ, ಇದೇ ಗುಂಪಿನ ಆಕ್ಸಾಂಡ್ರೋಲೋನ್ ಕೊಟ್ಟು ನೋಡಿದ ಅಧ್ಯಯನದಲ್ಲಿ ದಿನಕ್ಕೆ ಸರಾಸರಿ 6.13 ಮಿ.ಗ್ರಾಂ. ಬೇಕಿದ್ದ ವಾರ್ಫರಿನ್ (ಅಸಿಟ್ರೋಮ್ ಜಾತಿಯದೇ ಮಾತ್ರೆ) 1.13ಕ್ಕೆ ಇಳಿಸಬೇಕಾಯಿತು. ನ್ಯಾಂಡ್ರೋಲೋನ್‌ನಲ್ಲೂ ಅಷ್ಟೇ ಆಗುತ್ತದೆ ಅಂತಲ್ಲ. ಆದರೂ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಪರೀಕ್ಷೆ) ನೋಡದೆ ಈ ಎರಡನ್ನೂ ಒಟ್ಟಿಗೆ ಕೊಡುವುದು ಕುರುಡು ಆಟ. 2ರಿಂದ 3ರ ಒಳಗೆ ಇರಬೇಕಾದದ್ದು ಸದ್ದಿಲ್ಲದೆ 6 ದಾಟಿರಬಹುದು. ವಾಕರ್ ಹಿಡಿದವರು ಆಗ ತಲೆ ತಗಲುವಂತೆ ಬಿದ್ದರೆ ಮಿದುಳಲ್ಲೇ ರಕ್ತಸ್ರಾವ.

ಇನ್ನೊಂದು ತೊಡಕು. ಡೆಕನೋಯೇಟ್ ಎಣ್ಣೆಯಲ್ಲಿ ಕರಗಿಸಿದ ಔಷಧಿ, ಸ್ನಾಯುವಿನಲ್ಲಿ ಕೂತು ವಾರಗಟ್ಟಲೆ ನಿಧಾನವಾಗಿ ಜಿನುಗುತ್ತದೆ. ಮಾತ್ರೆಯಾದರೆ ಇವತ್ತು ನಿಲ್ಲಿಸಬಹುದು, ಇದನ್ನು ಒಮ್ಮೆ ಚುಚ್ಚಿದ ಮೇಲೆ ಹಿಂದಕ್ಕೆ ತೆಗೆಯಲಾಗದು. ಕೋರ್ಸ್ ಮುಗಿದ ಮೇಲೆ ಉಲ್ಟಾ ಸಮಸ್ಯೆ. ಔಷಧಿ ಕರಗುತ್ತಾ ಹೋದ ಹಾಗೆ ಐಎನ್‌ಆರ್ ಇಳಿಯುತ್ತದೆ, ಅಷ್ಟರಲ್ಲಿ ಅಸಿಟ್ರೋಮ್ ಕಡಿಮೆ ಮಾಡಿರುತ್ತಾರೆ, ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಬರುತ್ತದೆ. ಆದ್ದರಿಂದ ಶುರುಮಾಡುವಾಗ ಎಷ್ಟು ಪರೀಕ್ಷೆಯೋ ನಿಲ್ಲಿಸಿದ ಮೇಲೂ ಕೆಲವು ವಾರ ಅಷ್ಟೇ.

ಅಸಿಟ್ರೋಮ್ ನೋಡಿಕೊಳ್ಳುವ ಹೃದಯದ ಡಾಕ್ಟರಿಗೆ ಈ ಚೀಟಿ ತೋರಿಸದೆ ಮುಂದೆ ಹೋಗಬೇಡಿ. ಅವರು ಒಪ್ಪಿದರೂ ಮೊದಲು ಆಗಬೇಕಾದವು: ಐಎನ್‌ಆರ್, ಪೂರ್ತಿ ರಕ್ತಪರೀಕ್ಷೆ, ಲಿವರ್, ಕ್ರಿಯಾಟಿನಿನ್, ಕ್ಯಾಲ್ಸಿಯಂ, ವಿಟಮಿನ್ ಡಿ, ಕೊಲೆಸ್ಟರಾಲ್. ಹಾಸಿಗೆ ಹಿಡಿದವರಲ್ಲಿ ಕ್ಯಾಲ್ಸಿಯಂ ಏರಬಹುದು, ಆದ್ದರಿಂದ ಅದನ್ನು ಬಿಡಬೇಡಿ. ಸ್ತನದ ಕ್ಯಾನ್ಸರ್ ಹಿಂದೆ ಆಗಿದ್ದರೆ ಅದನ್ನೂ ಹೇಳಲೇಬೇಕು.

ಶೇಂಗಾ ತಿಂದರೆ ಅಲರ್ಜಿ ಆಗುತ್ತದೆಯೇ ಕೇಳಿಕೊಳ್ಳಿ. ತುಂಬಾ ತಯಾರಿಕೆಗಳಲ್ಲಿ ಇರುವುದು ಶೇಂಗಾ ಎಣ್ಣೆಯೇ. ಡಬ್ಬಿಯ ಮೇಲೆ ಆರಾಕಿಸ್ ಆಯಿಲ್ ಅಂತ ಬರೆದಿರುತ್ತಾರೆ, ಜನಕ್ಕೆ ಅದು ಶೇಂಗಾ ಅಂತ ತಿಳಿಯುವುದಿಲ್ಲ.

ಸಿಸ್ಟರ್ ಹುಬ್ಬಳ್ಳಿ:
ಮೇಲಿನವರು ಹೇಳಿದ್ದು ಖರೆ ಐತ್ರಿ. ಚುಚ್ಚೋದರ ಬಗ್ಗೆ ನಾನು ಒಂದು ಮಾತು ಸೇರಸ್ತೀನಿ. ಇದು ಲಸಿಕೆ ಹಂಗ ಸಣ್ಣ ಸೂಜಿಯಿಂದ ಅರ್ಧ ಎಂಎಲ್ ಹಾಕೋದಲ್ಲ. ಎಣ್ಣಿ ದಪ್ಪ ಇರ್ತದ, 21 ಅಥವಾ 22 ಗೇಜಿನ ಒಂದೂವರೆ ಇಂಚಿನ ಸೂಜಿ ಬೇಕು, ಕುಂಡಿಯ ಮ್ಯಾಲಿನ ಹೊರಭಾಗದಾಗ ಆಳಕ್ಕ ಹೋಗಬೇಕು. ರಕ್ತ ತೆಳು ಇದ್ದವರಿಗೆ ಅಷ್ಟು ಆಳಕ್ಕ ಚುಚ್ಚಿದ್ರ ಒಳಗ ರಕ್ತ ತುಂಬಿ ಗಡ್ಡಿ ಕಟ್ಟತೈತಿ. ಹೊರಗ ಏನೂ ಕಾಣಂಗಿಲ್ಲ, ಎರಡು ದಿನ ಬಿಟ್ಟು ತೊಡಿ ತನಕ ನೀಲಿ ಇಳೀತದ. ಅವತ್ತಿನ ಐಎನ್‌ಆರ್ ರಿಪೋರ್ಟ್ ಕೈಯಾಗ ಇಲ್ಲದ ನಾವು ಸೂಜಿ ಹಿಡಿಯಂಗಿಲ್ಲ. 48 ಕೆ.ಜಿ. ಅಂದ್ರ ಕುಂಡಿಯಾಗ ಮಾಂಸನೂ ಕಡಿಮಿ ಇರ್ತದ, ಅದನ್ನೂ ನೋಡ್ಕೋಬೇಕು. ಆಪರೇಷನ್ ಆದ ಕಡೆ ಅಂತೂ ಬ್ಯಾಡೇ ಬ್ಯಾಡ.

ಆಂಪ್ಯೂಲ್ ಸ್ವಲ್ಪ ಹೊತ್ತು ಅಂಗೈಯಾಗ ಬೆಚ್ಚಗ ಮಾಡ್ಕೊಂಡ್ರ ಎಣ್ಣಿ ಸರಾಗ ಏರ್ತದ. ತಳ್ಳೂದು ಸಾವಕಾಶ. ಅವಸರ ಮಾಡಿ ಎಣ್ಣಿ ರಕ್ತನಾಳಕ್ಕ ಹೋತಂದ್ರ ಪುಪ್ಪುಸ ಮುಟ್ಟಿ ಒಮ್ಮಿಂದೊಮ್ಮೆ ಕೆಮ್ಮು, ಉಬ್ಬಸ ಬರ್ತದ. ಅದಕ್ಕ ಹಾಕಿಸಿಕೊಂಡ ಮ್ಯಾಲೆ ಅರ್ಧ ತಾಸು ಅಲ್ಲೇ ಕುಂದರಸ್ರಿ. ಮನಿಗೆ ಕಂಪೌಂಡರ್ ಕರೆಸಿ ಹಾಕಿಸೋ ಇಂಜೆಕ್ಷನ್ ಇದಲ್ಲ.

ಜಿಮ್ ಹುಡುಗ:
ಇದೇ ಡೆಕಾ ನಮ್ಮ ಜಿಮ್‌ನಲ್ಲಿ 10 ಎಂಎಲ್ ಬಾಟಲಿಯಲ್ಲಿ ಸಿಗುತ್ತೆ. ವಾರಕ್ಕೆ ಎಷ್ಟು ಹಾಕಿದರೆ ಸೇಫ್? ಕೀಲು ನೋವಿಗೂ ಒಳ್ಳೇದು ಅಂತಾರೆ.

ಔಷಧಿ ಕಟ್ಟೆ:
@ಜಿಮ್ ಹುಡುಗ, ಮೈಕಟ್ಟಿಗೆ ಸೇಫ್ ಪ್ರಮಾಣ ಅಂತ ಒಂದಿಲ್ಲ, ಹೇಳುವುದೂ ಇಲ್ಲ. ಇದು ಶೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಮೆಡಿಕಲ್ ಶಾಪಿಗೆ ಬರುವುದು ಸಾಮಾನ್ಯವಾಗಿ 1 ಎಂಎಲ್‌ನ ಗಾಜಿನ ಆಂಪ್ಯೂಲ್. ಜಿಮ್‌ನ ಬಾಟಲಿಯಲ್ಲಿ ಏನಿದೆ, ಎಷ್ಟಿದೆ, ಕ್ರಿಮಿ ಇದೆಯೋ ಇಲ್ಲವೋ ಯಾರೂ ನೋಡಿರುವುದಿಲ್ಲ. ಹೊರಗಿಂದ ಹಾರ್ಮೋನ್ ಬಂದರೆ ಮಿದುಳು ವೃಷಣಕ್ಕೆ ಕೆಲಸ ನಿಲ್ಲಿಸು ಅನ್ನುತ್ತದೆ. ವೀರ್ಯಾಣು ಸೊನ್ನೆಗೆ ಇಳಿಯಬಹುದು, ಬಿಟ್ಟ ಮೇಲೂ ಚೇತರಿಕೆಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೆ ಹಿಡಿಯುತ್ತದೆ. ಒಳ್ಳೆಯ ಕೊಲೆಸ್ಟರಾಲ್ ಕುಸಿಯುತ್ತದೆ, ರಕ್ತ ಗಟ್ಟಿಯಾಗುತ್ತದೆ. ಸ್ಪರ್ಧೆಗೆ ಇಳಿಯುವ ಆಸೆಯಿದ್ದರೆ ಇದರ ಗುರುತು ಮೂತ್ರದಲ್ಲಿ ಎಷ್ಟೋ ತಿಂಗಳು ಉಳಿಯುತ್ತದೆ. ಈಗಾಗಲೇ ಹಾಕಿಸಿಕೊಂಡಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ಏನು ಹಾಕಿಸಿಕೊಂಡಿರಿ ಅಂತ ಗೊತ್ತಿದ್ದರೆ ಪರೀಕ್ಷೆ ಸರಿಯಾಗಿ ಬರೆದುಕೊಡುತ್ತಾರೆ.

ಮೂಳೆ ವೈದ್ಯ:
ಮೂಲ ಪ್ರಶ್ನೆಗೆ ಬರುತ್ತೇನೆ. ಋತುಬಂಧದ ನಂತರದ ಮೂಳೆ ಸವೆತಕ್ಕೆ ಮೂರು ವಾರಕ್ಕೊಮ್ಮೆ 50 ಮಿ.ಗ್ರಾಂ. ಅನ್ನುವುದು ಹಳೆಯ ಲೇಬಲ್‌ನಲ್ಲಿ ಇದ್ದದ್ದೇ, ಆ ಡಾಕ್ಟರು ತಮ್ಮ ತಲೆಯಿಂದ ಹುಟ್ಟಿಸಿದ್ದಲ್ಲ. ಆದರೆ ಈಗ ಅದಕ್ಕಿಂತ ಒಳ್ಳೆಯ ದಾರಿಗಳಿವೆ. ಸೊಂಟ ಮುರಿದವರಿಗೆ ಮತ್ತೆ ಮುರಿಯದ ಹಾಗೆ ನೋಡಿಕೊಳ್ಳಲು ವಾರಕ್ಕೊಂದು ಅಲೆಂಡ್ರೋನೇಟ್ 70 ಮಿ.ಗ್ರಾಂ. ಅಥವಾ ವರ್ಷಕ್ಕೊಮ್ಮೆ ಜೊಲೆಡ್ರೋನಿಕ್ ಆಸಿಡ್ 5 ಮಿ.ಗ್ರಾಂ. ಡ್ರಿಪ್. ಎರಡಕ್ಕೂ ಕಿಡ್ನಿಯ ಕ್ಲಿಯರೆನ್ಸ್ (ಕಿಡ್ನಿ ರಕ್ತ ಸೋಸುವ ವೇಗ) ನಿಮಿಷಕ್ಕೆ 35 ಎಂಎಲ್‌ಗಿಂತ ಮೇಲಿರಬೇಕು, ವಿಟಮಿನ್ ಡಿ ಕೊರತೆಯನ್ನು ಮೊದಲು ತುಂಬಿರಬೇಕು. ನಿಮ್ಮ ಡಾಕ್ಟರಿಗೆ ಇದನ್ನೇ ಕೇಳಿ: ಇಂಜೆಕ್ಷನ್ ಮೂಳೆಗೋ, ಬರೀ ನಿಶ್ಶಕ್ತಿಗೋ?

ನಿಶ್ಶಕ್ತಿಗೆ ಅಂದರೆ ನಾನು ಒಪ್ಪುವುದಿಲ್ಲ. ತಿನ್ನದ, ನಡೆಯದ ದೇಹಕ್ಕೆ ಈ ಔಷಧಿ ಹಾಕಿದರೆ ಏರುವ ತೂಕದಲ್ಲಿ ನೀರಿನ ಪಾಲು ಬೇಕಾದಷ್ಟಿರುತ್ತದೆ. ಅಮ್ಮನ ತೂಕಕ್ಕೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು, ಕಿಡ್ನಿ ಸರಿಯಿದ್ದರೆ. ರಾಗಿ ಗಂಜಿ, ತಿಳಿಸಾರು ಅನ್ನದಿಂದ ಅದು ಬರುವುದಿಲ್ಲ. ಒಂದು ಮೊಟ್ಟೆಗೆ 6 ಗ್ರಾಂ, ಒಂದು ಲೋಟ ಹಾಲಿಗೆ 6–7, ಹಿಡಿ ಬೇಳೆಗೆ 7. ತಿಳಿಯನ್ನಲ್ಲ, ಗಟ್ಟಿ ಬೇಳೆಯನ್ನು ಬಡಿಸಿ. ಅದರ ಜೊತೆ ಫಿಸಿಯೋಥೆರಪಿಯವರು ಹೇಳಿದಂತೆ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ.

ಹೆಂಗಸರಲ್ಲಿ ನೋಡಬೇಕಾದ ಇನ್ನೊಂದು ವಿಷಯ ದನಿ. ಗಂಟಲು ಗೊಗ್ಗರಾದರೆ ಶೀತ ಅಂದುಕೊಂಡು ಮುಂದಿನ ಇಂಜೆಕ್ಷನ್ ಹಾಕಿಸಿಬಿಡುತ್ತಾರೆ. ಅದು ಬೇಗ ಕಾಣುವ ಲಕ್ಷಣ, ಅಲ್ಲೇ ನಿಲ್ಲಿಸದಿದ್ದರೆ ದನಿ ಮೊದಲಿನಂತಾಗದೆ ಉಳಿಯಬಹುದು. ಗಲ್ಲದ ಮೇಲೆ ಕೂದಲು, ಮೊಡವೆಯೂ ಬರುತ್ತವೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಒಂದು ವಿಷಯ ಹೇಳಿರಲಿಲ್ಲ, ಮೊದಲ ಇಂಜೆಕ್ಷನ್ ಶುಕ್ರವಾರವೇ ಹಾಕಿಸಿದ್ದಾರೆ, ನಾನು ಊರಲ್ಲಿರಲಿಲ್ಲ. ಈಗೇನು ಮಾಡಲಿ?

ಔಷಧಿ ಕಟ್ಟೆ:
ಗಾಬರಿ ಬೇಡ, ತಡವೂ ಬೇಡ. ನಾಳೆ ಬೆಳಗ್ಗೆಯೇ ಐಎನ್‌ಆರ್ ಮಾಡಿಸಿ, ರಿಪೋರ್ಟ್ ಹೃದಯದ ಡಾಕ್ಟರಿಗೆ ಕಳಿಸಿ, ಇಂಜೆಕ್ಷನ್ನಿನ ತಾರೀಖು ಹೇಳಿ. ಅಸಿಟ್ರೋಮ್ ಡೋಸ್ ಬದಲಿಸುವುದು ಅವರೇ, ನೀವಾಗಿಯೇ ನಿಲ್ಲಿಸಬೇಡಿ. ಈ ವಾರದ್ದು ಸರಿ ಬಂತು ಅಂತ ಬಿಡಬೇಡಿ, ಅವರು ಸಾಕು ಅನ್ನುವ ತನಕ ವಾರಕ್ಕೊಮ್ಮೆ ನೋಡಿಸಿ. ಎರಡನೇ ಇಂಜೆಕ್ಷನ್ ಅವರ ಒಪ್ಪಿಗೆ ಬರುವ ತನಕ ಬೇಡ. ನೋವಿಗೆ ಡೈಕ್ಲೋಫೆನಾಕ್, ಬ್ರೂಫೆನ್ ಕೊಡಬೇಡಿ.

ಬೆಳಗ್ಗೆ ಬರಿಹೊಟ್ಟೆಯ ಸಕ್ಕರೆ, ತೂಕ, ಕಾಲಿನ ಬಾವು ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅಥವಾ ಮಲಗಿದಾಗ ಉಸಿರು ಕಟ್ಟಿದರೆ ನೀರು ನಿಂತಿದೆ ಅಂತ ಹೃದಯದ ಡಾಕ್ಟರಿಗೆ ಫೋನ್ ಮಾಡಿ. ಕಪ್ಪು ಮಲ, ಕೆಂಪು ಮೂತ್ರ, ವಸಡಲ್ಲಿ ರಕ್ತ, ಚುಚ್ಚಿದ ಜಾಗ ಗಟ್ಟಿಯಾಗಿ ಊದುವುದು, ಹಠಾತ್ತನೆ ವಿಪರೀತ ತಲೆನೋವು, ಇವುಗಳಲ್ಲಿ ಯಾವುದು ಕಂಡರೂ, ತಲೆಗೆ ಏಟು ಬಿದ್ದರೂ, ಫೋನಲ್ಲಿ ಕೇಳುತ್ತಾ ಕೂರದೆ ಸೀದಾ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ. ಅಲ್ಲಿ ಮೊದಲ ಮಾತಿಗೇ ಅಸಿಟ್ರೋಮ್ ಜೊತೆ ನ್ಯಾಂಡ್ರೋಲೋನ್ ಬಿದ್ದಿದೆ ಅನ್ನಿ, ಖಾಲಿ ಆಂಪ್ಯೂಲಿನ ಡಬ್ಬಿ ಜೊತೆಗಿರಲಿ.

ತುಂಗಾತೀರ:
ಡಬ್ಬಿ ತೆಗೆದಿಟ್ಟಿದ್ದೇನೆ. ಲ್ಯಾಬ್‌ನವರು ಏಳು ಗಂಟೆಗೆ ಮನೆಗೇ ಬರುತ್ತಾರಂತೆ.