ಎಂಟು ದೇಶಗಳ ಕಲ್ಪಿತ ಒಕ್ಕೂಟಕ್ಕೊಂದು ಬಾವುಟ: ವಿನ್ಯಾಸಕ್ಕೂ ಹೊಲಿಗೆಗೂ ಸಲಹೆ ಬೇಕು

ಬದಿಯಡ್ಕ_ಸಮಾಜವಿಜ್ಞಾನ:

ಕಾಸರಗೋಡಿನ ಕನ್ನಡ ಮಾಧ್ಯಮ ಹೈಸ್ಕೂಲು ಮಕ್ಕಳ ಅಣಕು ಸಂಸತ್ತಿಗೆ ಈ ಸಲದ ವಿಷಯ ‘ದಕ್ಷಿಣ ಏಷ್ಯಾ ಒಕ್ಕೂಟ’. ಸಾರ್ಕ್‌ನ ಎಂಟು ದೇಶಗಳು ಒಂದು ಒಕ್ಕೂಟ ಕಟ್ಟಿದರೆ ಅದರ ಬಾವುಟ ಹೇಗಿರಬೇಕು ಎಂಬುದೇ ಮೊದಲ ದಿನದ ಚರ್ಚೆ. ಒಪ್ಪಿಗೆಯಾದದ್ದನ್ನು ನಿಜವಾಗಿ ಹೊಲಿಸಿ, ಎಂಟು ದೇಶಗಳ ಧ್ವಜಗಳ ಜೊತೆ ಅಂಗಳದಲ್ಲಿ ಏರಿಸಬೇಕು. ಅಳತೆ 1800 × 1200 ಮಿ.ಮೀ.

ಮಕ್ಕಳ ಕರಡು ಹೀಗಿದೆ: ಕಡು ನೀಲಿ ನೆಲ, ನಡುವೆ ಎಂಟೂ ದೇಶಗಳ ಹಳದಿ ಭೂಪಟ, ಸುತ್ತ ಎಂಟು ಬಿಳಿ ನಕ್ಷತ್ರ, ಅಡಿಯಲ್ಲಿ ಒಕ್ಕೂಟದ ಹೆಸರು. ಇದರಲ್ಲಿ ಏನು ಉಳಿಯಬೇಕು, ಏನು ಹೋಗಬೇಕು? ದರ್ಜಿಯ ಕೈಗೆ ಕೊಡುವಂಥ ಅಳತೆಯನ್ನೇ ತಿಳಿಸಿ.

ಪಯಸ್ವಿನಿ_ತೀರ:

ನೀಲಿ ಉಳಿಸಿ. ಉಳಿದ ಮೂರನ್ನೂ ಬಿಡಿ.

ಎಂಟರಲ್ಲಿ ಯಾರ ಬಾವುಟದ ನೆಲವೂ ನೀಲಿಯಲ್ಲ. ನೇಪಾಳದ ಅಂಚಿನಲ್ಲಿ, ನಮ್ಮ ಚಕ್ರದಲ್ಲಿ ಬರುತ್ತದೆ, ಅಷ್ಟೆ. ಹಸಿರು ಹರಡಿದರೆ ಪಾಕಿಸ್ತಾನ, ಬಾಂಗ್ಲಾದೇಶ ನೆನಪಾಗುತ್ತವೆ, ಕೆಂಪು ಹರಡಿದರೆ ನೇಪಾಳ, ಮಾಲ್ದೀವ್ಸ್. 1960ರ ಸೈಪ್ರಸ್ ಬಾವುಟ ಹುಟ್ಟಿದ್ದೂ ಇದೇ ಲೆಕ್ಕದಲ್ಲಿ: ಗ್ರೀಕರ ನೀಲಿ ಬೇಡ, ತುರ್ಕರ ಕೆಂಪು ಬೇಡ, ಶಿಲುಬೆಯೂ ಬೇಡ, ಅರ್ಧಚಂದ್ರವೂ ಬೇಡ.

ನಕ್ಷತ್ರದ ಲೆಕ್ಕ ಒಕ್ಕೂಟಗಳಿಗೆ ಯಾವತ್ತೂ ತೊಡಕಿನದು. ಸಾರ್ಕ್ 1985ರಲ್ಲಿ ಶುರುವಾದಾಗ ಏಳೇ ದೇಶ. ಅಫ್ಘಾನಿಸ್ತಾನ ಸೇರಿದ್ದು 2007ರಲ್ಲಿ. ಏಳು ನಕ್ಷತ್ರ ಹೊಲಿದಿದ್ದರೆ ಆಗಲೇ ಬಿಚ್ಚಬೇಕಿತ್ತು. ಈಜಿಪ್ಟ್ ಮತ್ತು ಸಿರಿಯಾ 1958ರಲ್ಲಿ ಒಂದಾಗಿ ಎರಡು ಹಸಿರು ನಕ್ಷತ್ರದ ಬಾವುಟ ಹಾರಿಸಿದವು. 1961ರಲ್ಲಿ ಸಿರಿಯಾ ಹೊರಟುಹೋಯಿತು, ಈಜಿಪ್ಟ್ ಒಬ್ಬಂಟಿಯಾಗಿ 1972ರ ತನಕ ಎರಡು ನಕ್ಷತ್ರವನ್ನೇ ಹಾರಿಸಿತು. ಮಲೇಷ್ಯಾದ 14 ಪಟ್ಟಿಗಳಲ್ಲಿ ಒಂದು ಸಿಂಗಾಪುರದ್ದು. 1965ರಲ್ಲಿ ಅದು ಬೇರೆಯಾದ ಮೇಲೆ ಆ ಪಟ್ಟಿ ಫೆಡರಲ್ ಸರ್ಕಾರದ್ದೆಂದು ಅರ್ಥ ಬದಲಿಸಬೇಕಾಯಿತು. ಯುರೋಪಿನವರು 1953ರಲ್ಲಿ 15 ನಕ್ಷತ್ರದ ಕರಡು ಹಿಡಿದು ಕೂತಿದ್ದರು. ಒಂದು ನಕ್ಷತ್ರ ಆಗ ಜರ್ಮನಿಯಿಂದ ಬೇರೆಯಾಗಿದ್ದ ಸಾರ್ ಪ್ರದೇಶಕ್ಕೆ ಎಂದಾಗ ಪಶ್ಚಿಮ ಜರ್ಮನಿ ಒಪ್ಪಲಿಲ್ಲ. 14 ಮಾಡಿದರೆ ಸಾರ್‌ನವರಿಗೆ ಒಪ್ಪಿಗೆಯಿಲ್ಲ. ಕೊನೆಗೆ 1955ರಲ್ಲಿ ಯಾರ ಎಣಿಕೆಗೂ ಸೇರದ 12 ನಿಂತಿತು. ಇವತ್ತು ಯುರೋಪಿಯನ್ ಯೂನಿಯನ್‌ನಲ್ಲಿ 27 ದೇಶಗಳಿದ್ದರೂ ನಕ್ಷತ್ರ 12.

ಭೂಪಟಕ್ಕೆ ಬಾಂಗ್ಲಾದೇಶವನ್ನೇ ನೋಡಿ. 1971ರಲ್ಲಿ ಕೆಂಪು ವೃತ್ತದೊಳಗೆ ಹಳದಿ ನಕ್ಷೆ ಇತ್ತು, 1972ರ ಜನವರಿಯಲ್ಲಿ ತೆಗೆದರು. ನಕ್ಷೆಯನ್ನು ಬಟ್ಟೆಯ ಎರಡೂ ಮುಖದಲ್ಲಿ ಸರಿಯಾಗಿ ತರುವುದು ಕಷ್ಟ. ಹಿಂದಿನಿಂದ ನೋಡಿದರೆ ಪೂರ್ವ ಪಶ್ಚಿಮವಾಗುತ್ತದೆ. ನಿಮ್ಮ ಎಂಟು ದೇಶಗಳಲ್ಲಂತೂ ಗಡಿಯೇ ವಿವಾದ, ಸರ್ವೇ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸುವುದು ನಮ್ಮಲ್ಲಿ ಅಪರಾಧ. ದ್ವೀಪವಾದ್ದರಿಂದ ಸೈಪ್ರಸ್‌ಗೆ ನಕ್ಷೆ ಹೊಂದಿತು, ಸಮುದ್ರವೇ ಅದರ ಗಡಿ.

ಕುಂಬಳೆ_ಅಕ್ಷರ:

ಹೆಸರು ಯಾವ ಲಿಪಿಯಲ್ಲಿ? ನಮ್ಮ ಊರಲ್ಲಿ ಒಂದು ನಾಮಫಲಕದ ಮೇಲೆ ಕನ್ನಡವೋ ಮಲಯಾಳವೋ ಮೊದಲು ಎಂಬುದೇ ಎಷ್ಟು ದೊಡ್ಡ ಮಾತು ಎಂದು ನಿಮ್ಮ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಇಲ್ಲಿ ದೇವನಾಗರಿ, ಬಂಗಾಳಿ, ಸಿಂಹಳ, ತಮಿಳು, ಭೂತಾನದ ಜೋಂಖಾಕ್ಕೆ ಟಿಬೆಟನ್ ಲಿಪಿ. ಉರ್ದು, ಪಷ್ಟೋ, ಮಾಲ್ದೀವ್ಸ್‌ನ ತಾನಾ ಬಲದಿಂದ ಎಡಕ್ಕೆ. ಅಕ್ಷರ ಬೇಡವೇ ಬೇಡ. ಗಾಳಿಯಲ್ಲಿ ಮಡಿಚುವ ಬಟ್ಟೆಯ ಮೇಲೆ ಹೇಗಿದ್ದರೂ ಓದಲಾಗುವುದಿಲ್ಲ.

ಚಂದ್ರಗಿರಿ_ಕೋಟೆ:

ಎಣಿಕೆಯನ್ನು ಪೂರ್ತಿ ಬಿಡಬೇಕೆನ್ನುವುದನ್ನು ನಾನು ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ದೊಡ್ಡ ನಕ್ಷತ್ರಕ್ಕೆ 1901ರಲ್ಲಿ ಆರು ಮೊನೆ, ಆರು ರಾಜ್ಯಗಳಿಗೆ. 1908ರಲ್ಲಿ ಏಳನೆಯದು ಸೇರಿತು, ಎಲ್ಲ ಟೆರಿಟರಿಗಳಿಗೂ ಒಟ್ಟಾಗಿ ಒಂದೇ. ಆಮೇಲೆ ಸೇರುವವರಿಗೂ ಅದರಲ್ಲೇ ಜಾಗ. ಇಂಥ ದಾರಿ ಇದೆ. ಆದರೆ ಮಕ್ಕಳ ಬಾವುಟಕ್ಕೆ ಮೊನೆ ಎಣಿಸುವುದಕ್ಕಿಂತ ದೊಡ್ಡ ತುಂಡುಗಳೇ ಒಳ್ಳೆಯದು. ಯಕ್ಷಗಾನದ ಬಣ್ಣದ ವೇಷ ಬಯಲಿನ ಕೊನೆಯ ಸಾಲಿಗೂ ಮುಟ್ಟುವುದು ಅಗಲವಾದ ಕೆಂಪು, ಕಪ್ಪು, ಬಿಳಿಯಿಂದ. ಸಣ್ಣ ಚುಟ್ಟಿಯ ಕುಸುರಿ ಹತ್ತಿರ ಕೂತವರಿಗೆ.

ನೀಲಿಯ ಮೇಲೆ ಹಳದಿ ಸೂರ್ಯ ಹಾಕೋಣ ಎಂದು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ: ಅಷ್ಟೇ ಹಾಕಿದರೆ ಅದು ಪಲಾವು ದೇಶದ್ದಾಗುತ್ತದೆ, ಅಲ್ಲಿ ತಿಳಿನೀಲಿ ಮೇಲೆ ಹಳದಿ ವೃತ್ತ. ಕೆಳಗೆ ಒಂದೇ ಒಂದು ಬಿಳಿ ಅಲೆ ಸೇರಿಸಿ. ಮಳೆಗಾಲವೂ ನದಿಯೂ ಎಂಟೂ ದೇಶಕ್ಕೆ ಬೇಕಾದವು. 1958ರ ವೆಸ್ಟ್ ಇಂಡೀಸ್ ಒಕ್ಕೂಟದ ಬಾವುಟದಲ್ಲಿ ನೀಲಿ ನೆಲ, ಸೂರ್ಯ, ನಾಲ್ಕು ಬಿಳಿ ಅಲೆ ಇದ್ದವು. ಸೂರ್ಯ ನಟ್ಟನಡುವೆ, ಅಲೆಗಳು ಮೇಲೂ ಕೆಳಗೂ. ನಿಮ್ಮದರಲ್ಲಿ ಸೂರ್ಯ ಮೇಲೆ, ಅಲೆ ಕೆಳಗೆ ಒಂದೇ, ಗೊಂದಲವಾಗದು.

ಉದ್ದವನ್ನು 18, ಎತ್ತರವನ್ನು 12 ಭಾಗ ಮಾಡಿ. ನಿಮ್ಮ ಅಳತೆಯಲ್ಲಿ ಒಂದು ಭಾಗ ಸರಿಯಾಗಿ 100 ಮಿ.ಮೀ. ಸೂರ್ಯನ ವ್ಯಾಸ 5 ಭಾಗ. ಅದರ ಕೇಂದ್ರ ಅಡಿಯಿಂದ 8, ಕಂಬದ ಬದಿಯಿಂದ 8. ನಟ್ಟನಡುವೆ 9 ಅಲ್ಲ. ಹಾರುವಾಗ ಬಟ್ಟೆಯ ಕಂಬದಿಂದ ದೂರದ ತುದಿ ಮಡಿಚಿ ಗಿಡ್ಡವಾಗಿ ಕಾಣುತ್ತದೆ. ಬಾಂಗ್ಲಾದೇಶದ ವೃತ್ತವನ್ನೂ ಹೀಗೆಯೇ ಕಂಬದ ಕಡೆ ಸರಿಸಿದ್ದಾರೆ, ಉದ್ದದ 20ರಲ್ಲಿ 9 ಭಾಗಕ್ಕೆ. ಅಲೆಯ ದಪ್ಪ 2 ಭಾಗ, ನಡುಗೆರೆ ಅಡಿಯಿಂದ 3 ಭಾಗ ಮೇಲೆ, ಏರಿಳಿತ ನಡುಗೆರೆಯಿಂದ ಮೇಲಕ್ಕೂ ಕೆಳಕ್ಕೂ ಅರ್ಧರ್ಧ ಭಾಗ, ಉದ್ದಕ್ಕೂ ಅಂಥ ಪೂರ್ತಿ ಏರಿಳಿತ ಮೂರೇ. ಆಗ ಸೂರ್ಯನ ಮೇಲೆ ಒಂದೂವರೆ ಭಾಗ ಖಾಲಿ, ಅಲೆಯ ಕೆಳಗೂ ಅಷ್ಟೇ.

ಹೊಲಿಸುವ ಮುಂಚೆ ಕರಡನ್ನು 2 ಸೆಂ.ಮೀ. ಅಗಲಕ್ಕೆ ಕುಗ್ಗಿಸಿ, ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ತೆಗೆಯಿರಿ. ನೀಲಿ ತೀರಾ ತಿಳಿಯಾಗಿದ್ದರೆ ಸೂರ್ಯ ಅಲ್ಲಿ ಕರಗಿಹೋಗುತ್ತಾನೆ.

ಹೊಲಿಗೆಮೇಜು:

44 ಇಂಚಿನ ಕಾಟನ್ ತರಬೇಡಿ. ಅದು ಸುಮಾರು 112 ಸೆಂ.ಮೀ., ನಿಮಗೆ 120 ಮತ್ತು ಮಡಿಕೆ ಬೇಕು. ಜೋಡಿಸಿದ ಗೆರೆ ದೂರಕ್ಕೂ ಕಾಣುತ್ತದೆ. 58 ಇಂಚಿನ ತೆಳು ಪಾಲಿಯೆಸ್ಟರ್ ನೀಲಿ 2 ಮೀಟರ್, ಬಿಳಿ 2 ಮೀಟರ್, ಹಳದಿ 60 ಸೆಂ.ಮೀ. ಸಾಕು. ಬಿಳಿಗೆ ಬೇಕಾದ್ದು 32 ಸೆಂ.ಮೀ. ಅಗಲದ ಪಟ್ಟಿ ಮಾತ್ರ, ಆದರೆ ಉದ್ದದಲ್ಲಿ ಜೋಡಣೆ ಬಾರದಿರಲು ಅಷ್ಟು ತೆಗೆದುಕೊಳ್ಳಬೇಕು. ತಂದ ಕೂಡಲೇ ನೀಲಿಯನ್ನು ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ. ಬಣ್ಣ ಬಿಟ್ಟರೆ ಆಟಿ ಮಳೆಗೆ ಅಲೆ ಪೂರ್ತಿ ನೀಲಿಯಾಗುತ್ತದೆ.

ನೀಲಿಯನ್ನು 1875 × 1250 ಕತ್ತರಿಸಿ: ಮೇಲೆ, ಕೆಳಗೆ, ಕಂಬದ ಬದಿಗೆ 25 ಮಿ.ಮೀ. ಮಡಿಕೆ, ಹಾರುವ ಬದಿಗೆ 50. ಹಳದಿ ವೃತ್ತ 520 ಮಿ.ಮೀ. ವ್ಯಾಸಕ್ಕೆ ಕತ್ತರಿಸಿ, ಅಂಚು 10 ಒಳಗೆ ಮಡಿಸಿ ಹೊಲಿಯಿರಿ. ಎರಡರ ನೂಲಿನ ನೇರ ಒಂದೇ ದಿಕ್ಕಿಗಿರಲಿ, ಅಡ್ಡವಾದರೆ ವೃತ್ತ ಉಬ್ಬುತ್ತದೆ. ಹೊಲಿದ ಮೇಲೆ ಬಾವುಟ ಮಗುಚಿ, ಹೊಲಿಗೆಯಿಂದ 10 ಮಿ.ಮೀ. ಬಿಟ್ಟು ಹಿಂದಿನ ನೀಲಿಯನ್ನು ಕತ್ತರಿಸಿ ತೆಗೆಯಿರಿ. ತುಂಬ ಜನ ಇದನ್ನು ಬಿಡುತ್ತಾರೆ; ಬಿಸಿಲು ಹಿಂದಿನಿಂದ ಬಿದ್ದಾಗ ಹಳದಿ ಮಾಸಿದ ಹಸಿರಾಗಿ ಕಾಣಲು ಅದೇ ಕಾರಣ. ಕತ್ತರಿಸಿದರೆ ಒಂದೇ ವೃತ್ತ ಎರಡೂ ಮುಖಕ್ಕೆ ಸಾಕು. ಅಲೆಗೂ ಹೀಗೆಯೇ, ರಟ್ಟಿನ ಅಚ್ಚು ಇಟ್ಟು ಗೆರೆ ಹಾಕಿ.

ಬಾವುಟ ಹರಿಯುವುದು ಹಾರುವ ತುದಿಯಿಂದ. ಅಲ್ಲಿ ನಾಲ್ಕು ಸಾಲು ಹೊಲಿಗೆ, ಎರಡು ಮೂಲೆಗೂ ತ್ರಿಕೋನ ತೇಪೆ. ಕಂಬದ ಬದಿಗೆ 5 ಸೆಂ.ಮೀ. ಅಗಲದ ಕ್ಯಾನ್ವಾಸ್ ಪಟ್ಟಿ, ಒಳಗೆ ಹಗ್ಗ. ಭಾರ ಹಗ್ಗದ ಮೇಲೆ ಬೀಳಬೇಕು, ಬಟ್ಟೆಯ ಮೇಲಲ್ಲ. ನೀಲಿಗೆ 14ರ ಸೂಜಿ, ಕ್ಯಾನ್ವಾಸ್‌ಗೆ 16.

ಬದಿಯಡ್ಕ_ಸಮಾಜವಿಜ್ಞಾನ:

ಸೂರ್ಯ ಮತ್ತು ಅಲೆಗೆ ಮಕ್ಕಳು ಒಪ್ಪಿದ್ದಾರೆ. ಒಂಬತ್ತನ್ನೂ ಸಾಲಾಗಿ ಹೇಗೆ ನಿಲ್ಲಿಸುವುದು?

ಪಯಸ್ವಿನಿ_ತೀರ:

ಒಂಬತ್ತು ಬೇರೆಬೇರೆ ಕಂಬ, ಎಲ್ಲ ಒಂದೇ ಎತ್ತರ. 1.8 ಮೀಟರ್ ಬಾವುಟಕ್ಕೆ 6 ಮೀಟರ್ ಕಂಬ ಸರಿ. ಧ್ವಜ ಸಂಹಿತೆಯಂತೆ ಭಾರತದ್ದು ಸಾಲಿನ ಬಲತುದಿಗೆ, ಅಂದರೆ ಎದುರು ಕೂತ ಸಭಿಕರಿಗೆ ಎಡತುದಿ. ಆಮೇಲೆ ಇಂಗ್ಲಿಷ್ ಹೆಸರಿನ ಅಕ್ಷರಕ್ರಮ: ಅಫ್ಘಾನಿಸ್ತಾನ, ಬಾಂಗ್ಲಾದೇಶ, ಭೂತಾನ, ಮಾಲ್ದೀವ್ಸ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ. ಒಕ್ಕೂಟದ್ದು ಇನ್ನೊಂದು ತುದಿಗೆ. ನಮ್ಮದು ಮೊದಲು ಏರಬೇಕು, ಕೊನೆಗೆ ಇಳಿಯಬೇಕು.

ಉದ್ದ ಸಮ ಮಾಡಲು ಹೋಗಬೇಡಿ, ಎತ್ತರ ಸಮ ಮಾಡಿ. 1200 ಎತ್ತರಕ್ಕೆ ಬಾಂಗ್ಲಾದೇಶ 2000 ಉದ್ದ, ಶ್ರೀಲಂಕಾ 2400, ನೇಪಾಳ ಸುಮಾರು 985 ಮಾತ್ರ. ನೇಪಾಳದ್ದನ್ನು ಬಿಳಿ ಆಯತದ ಮೇಲೆ ಅಂಟಿಸಿ ಕೊಡುವವರಿದ್ದಾರೆ, ಅದು ತಪ್ಪು. ಅಫ್ಘಾನಿಸ್ತಾನಕ್ಕೆ ವಿಶ್ವಸಂಸ್ಥೆಯಲ್ಲಿ ಹಾರುವ ಕಪ್ಪು, ಕೆಂಪು, ಹಸಿರಿನದನ್ನೇ ಇಡಿ. ಶ್ರೀಲಂಕಾದ ಸಿಂಹದ ಮುಖ ಕಂಬದ ಕಡೆಗಿರಲಿ, ಹಸಿರು ಪಟ್ಟಿ ಕಂಬಕ್ಕೆ ತಾಗಿ, ಅದರ ಪಕ್ಕ ಕೇಸರಿ.