ಹೊಳಲ್ಕೆರೆ ರಸ್ತೆ ಹೊಲದಲ್ಲಿ ಎರಡು ರಾತ್ರಿ ಸಂಗೀತೋತ್ಸವ: ಟೆಂಟ್, ನೀರು, ಕರೆಂಟ್, ಹಾವು ಕುರಿತು ಪ್ರಶ್ನೋತ್ತರ

ಪ್ರಶ್ನೆ (ಆಯೋಜಕರು, ಚಿತ್ರದುರ್ಗ): ಎಲ್ಲರಿಗೂ ನಮಸ್ಕಾರ. ಜನವರಿ ಕೊನೇ ವಾರ ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಹೊಳಲ್ಕೆರೆ ರಸ್ತೆಯಲ್ಲಿ ತತ್ವಪದ, ಜಾನಪದ, ಫ್ಯೂಷನ್ ಎಲ್ಲ ಸೇರಿಸಿ ಸಂಗೀತೋತ್ಸವ ಇಟ್ಕೊಂಡಿದ್ದೇವೆ. ರಾತ್ರಿ ಉಳಿಯೋರು 600 ಜನ, ಅದರಲ್ಲಿ ಹೆಣ್ಣುಮಕ್ಕಳು 250. ಟೆಂಟ್ 250 ಬರುತ್ತೆ. ಜಾಗ ಅಂದ್ರೆ ಮೆಕ್ಕೆಜೋಳ ಕಟಾವಾದ 3 ಎಕರೆ ಹೊಲ, ಪಕ್ಕದಲ್ಲೇ 2 ಎಕರೆ ತೆಂಗಿನ ತೋಟ, ಒಂದು ಬೋರ್. ನೆರಳು ಚೆನ್ನಾಗಿದೆ, ತೋಟದಲ್ಲೇ ಟೆಂಟ್ ಹಾಕೋಣ ಅಂತ ನಮ್ಮ ಹುಡುಗರ ಹಠ. ಟಾಯ್ಲೆಟ್ ಎಷ್ಟು ಬೇಕು, ನೀರು ಎಷ್ಟು, ಕ್ಯಾಂಪ್ ಫೈರ್ ಹಾಕ್ಬಹುದಾ, ಎಷ್ಟು ಗಂಟೆ ತನಕ ಹಾಡ್ಬಹುದು? ಗೊತ್ತಿರೋರು ದಯವಿಟ್ಟು ಹೇಳಿ.

ಉತ್ತರ (ಶಾಮಿಯಾನ, ಟೆಂಟ್ ಕಂಟ್ರಾಕ್ಟರ್, ದಾವಣಗೆರೆ): ಮೊದಲು ತೋಟದ ಮಾತು ಬಿಡಿ ಅಣ್ಣ. ಒಣಗಿದ ಗರಿ ಯಾವಾಗ ಬೀಳುತ್ತೆ ಅಂತ ಮರ ಹೇಳಿ ಬೀಳಿಸಲ್ಲ. ಐವತ್ತು ಅಡಿ ಮೇಲಿಂದ ಒಂದು ಕಾಯಿ ಬಿದ್ರೆ ಟೆಂಟ್ ಬಟ್ಟೆ ಏನೂ ತಡೆಯಲ್ಲ. ಕಾಯಿ ಕೀಳಿಸಿದ್ರೂ ಗರಿ ಇದ್ದೇ ಇರುತ್ತೆ. ಇನ್ನೊಂದು, ತೋಟದಲ್ಲಿ ಡ್ರಿಪ್ ಲೈನ್ ಇದ್ರೆ ಮೊಳೆ ಹೊಡೆದಲ್ಲೆಲ್ಲ ಪೈಪ್ ತೂತು. ಬೋರ್‌ನ ಕೇಬಲ್ ಮಣ್ಣಲ್ಲಿ ಹೋಗಿದ್ರೆ ಅದು ಜೀವಕ್ಕೇ ಅಪಾಯ. ಕೇಬಲ್ ಎಲ್ಲಿ ಹೋಗಿದೆ ಅಂತ ಜಮೀನಿನವರನ್ನ ನಿಲ್ಲಿಸಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸಿ, ಆಮೇಲೆ ಮೊಳೆ ಸುತ್ತಿಗೆ ಈಚೆ ತೆಗೀರಿ. ತೋಟವನ್ನ ಹಗಲು ಹೊತ್ತು ಊಟಕ್ಕೂ ಬಳಸಬೇಡಿ, ಅಲ್ಲಿ ಯಾರೂ ಹೋಗದ ಹಾಗೆ ಹಗ್ಗ ಕಟ್ಟಿ.

ಹೊಲವೇ ಸರಿ. ಆದ್ರೆ ಮೆಕ್ಕೆಜೋಳದ ಕೂಳೆ ಹಾಗೇ ಇದ್ರೆ ಟೆಂಟ್ ತಳ ಹರಿಯುತ್ತೆ, ಮಲಗಿದವರ ಬೆನ್ನಿಗೂ ಚುಚ್ಚುತ್ತೆ, ಒಂದು ಕಿಡಿ ಸಾಕು ಹತ್ತಿಕೊಳ್ಳೋಕೆ. ರೋಟವೇಟರ್ ಹೊಡೆಸಿದ್ರೆ ಮಣ್ಣು ಸಡಿಲ ಆಗಿ ಮೊಳೆ ನಿಲ್ಲಲ್ಲ, ಧೂಳೂ ಏಳುತ್ತೆ. ಅದಕ್ಕೆ 15 ದಿನ ಮುಂಚೆನೇ ಹೊಡೆಸಿ, ಕೂಳೆ ಆರಿಸಿ ಹೊರಗೆ ಹಾಕಿಸಿ, ಟ್ಯಾಂಕರ್‌ನಲ್ಲಿ ನೀರು ಚಿಮುಕಿಸಿ ರೋಲರ್ ಓಡಿಸಿ. ನೀರು ಕಟ್ಟಬಾರದು, ಬರೀ ಹದ ಆದ್ರೆ ಸಾಕು.

ಮಣ್ಣು ಕೆಂಪೋ ಎರೆಯೋ ಬರೆದಿಲ್ಲ. ಕೆಂಪು ಗರಸು ನೆಲ ಆದ್ರೆ ಟೆಂಟ್ ಜೊತೆ ಬರೋ ತೆಳು ಅಲ್ಯೂಮಿನಿಯಂ ಮೊಳೆ ಬಗ್ಗಿ ಹೋಗುತ್ತೆ. 10 ಎಂ.ಎಂ. ಕಬ್ಬಿಣದ ಸರಳನ್ನ ಒಂದಡಿ ತುಂಡು ಮಾಡಿ, ತುದಿ ಬಗ್ಗಿಸಿ ಮಾಡಿಸಿ. ಎರೆ ಆದ್ರೆ ಒಂದೂವರೆ ಅಡಿ ಬೇಕು. ಮೊಳೆ ತಲೆ ಟೆಂಟ್‌ನಿಂದ ಆಚೆಗೆ ಒರಗಿರಬೇಕು, ಹಗ್ಗಕ್ಕೂ ಮೊಳೆಗೂ ಹತ್ತಿರ ಹತ್ತಿರ ಲಂಬ ಕೋನ ಬರಬೇಕು. ಟೆಂಟ್ ಕಡೆಗೇ ಒರಗಿಸಿ ಹೊಡೆದದ್ದು ಒಂದೇ ಗಾಳಿಗೆ ಕಿತ್ಕೊಂಡು ಬರುತ್ತೆ. ಬೆಟ್ಟದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರೋ ಜಿಲ್ಲೆ ನಮ್ದು, ಗಾಳಿನ ಹಗುರ ಮಾಡ್ಬೇಡಿ. ವೇದಿಕೆ ಹಿಂದೆ ಇಡೀ ಫ್ಲೆಕ್ಸ್ ಕಟ್ಟೋ ಬದಲು ಜಾಲರಿ ಬ್ಯಾನರ್ ಹಾಕಿಸಿ. ಟ್ರಸ್ (ವೇದಿಕೆಯ ಲೋಹದ ಚೌಕಟ್ಟು) ಕೊಡೋರ ಹತ್ರ ಎಷ್ಟು ಗಾಳಿಗೆ ಕೆಳಗಿಳಿಸಬೇಕು ಅಂತ ಬರೆಸ್ಕೊಳ್ಳಿ. ಬಾಯಿ ಮಾತು ಸಾಲದು.

ಉತ್ತರ (ಕಾರ್ಯಕ್ರಮ ಸುರಕ್ಷತೆ ನೋಡ್ಕೊಳ್ಳೋರು): ಲೆಕ್ಕ ಹಾಕೋಣ ಸರ್. ಮೂವರ ಟೆಂಟ್ ಸುಮಾರು ಎರಡೂವರೆ ಮೀಟರ್ ಚೌಕ. ಟೆಂಟ್‌ನಿಂದ ಟೆಂಟ್‌ಗೆ 2 ಮೀಟರ್ ಬಿಟ್ರೆ ಒಂದಕ್ಕೆ 20 ಚದರ ಮೀಟರ್. 250ಕ್ಕೆ 5,000. ದಾರಿ ಸೇರಿಸಿದ್ರೆ 7,500 ಚದರ ಮೀಟರ್ ದಾಟುತ್ತೆ, ಅಂದ್ರೆ ಹತ್ತಿರ ಹತ್ತಿರ 2 ಎಕರೆ. ಉಳಿದ ಒಂದು ಎಕರೆಯಲ್ಲಿ ವೇದಿಕೆ, ಊಟ, ಟಾಯ್ಲೆಟ್. ಹಾಗಾಗಿ ಕಾರಿಗೆ ಬೇರೆ ಹೊಲ ನೋಡ್ಲೇಬೇಕು. ಕಾರನ್ನ ಟೆಂಟ್ ಪಕ್ಕ ಬಿಡಬೇಡಿ: ಕತ್ತಲಲ್ಲಿ ರಿವರ್ಸ್ ತಗೊಳ್ಳೋನಿಗೆ ಮಲಗಿರೋರು ಕಾಣಲ್ಲ. ಬಿಸಿ ಸೈಲೆನ್ಸರ್ ಕೆಳಗೆ ಒಣ ಹುಲ್ಲಿದ್ರೆ ಹತ್ತಿಕೊಳ್ಳುತ್ತೆ, ಪಾರ್ಕಿಂಗ್ ಹೊಲವನ್ನೂ ಸವರಿಸಿ.

ಹತ್ತತ್ತು ಟೆಂಟ್‌ನ ಎರಡು ಸಾಲು ಸೇರಿಸಿ ಒಂದು ಬ್ಲಾಕ್ ಮಾಡಿ. ಬ್ಲಾಕ್‌ನಿಂದ ಬ್ಲಾಕ್‌ಗೆ 6 ಮೀಟರ್ ಖಾಲಿ. ಆ 6 ಮೀಟರ್ ಬೆಂಕಿ ದಾಟದಿರಲಿ ಅಂತಲೂ ಹೌದು, ಫೈರ್ ಇಂಜಿನ್ ಒಳಗೆ ಬರಲಿ ಅಂತಲೂ ಹೌದು. ಎರಡನೇ ರಾತ್ರಿ ಹೊತ್ತಿಗೆ ಅಲ್ಲೇ ಯಾರೋ ಚಾಪೆ ಹಾಸಿರ್ತಾರೆ, ಇನ್ಯಾರೋ ಬೈಕ್ ನಿಲ್ಲಿಸಿರ್ತಾರೆ. ಅದನ್ನ ಖಾಲಿ ಇಡೋದೇ ಕೆಲಸ ಅಂತ ಇಬ್ಬರನ್ನ ನೇಮಿಸಿ. ಗೇಟ್ ಕಮಾನು ಕಟ್ಟಿಸ್ತೀರಲ್ಲ, ಅದರ ಎತ್ತರ 5 ಮೀಟರ್‌ಗೆ ಕಡಿಮೆ ಇದ್ರೆ ಇಂಜಿನ್ ಹೊರಗೇ ನಿಲ್ಲುತ್ತೆ. ಬ್ಲಾಕ್‌ಗೆ ಎ, ಬಿ, ಸಿ, ಟೆಂಟ್‌ಗೆ ನಂಬರ್ ಹಾಕಿ. "ನೀಲಿ ಟೆಂಟ್ ಹತ್ರ ಬನ್ನಿ" ಅಂದ್ರೆ ಆಂಬುಲೆನ್ಸ್‌ನೋರು ಎಲ್ಲಿಗೆ ಅಂತ ಹೋಗ್ಬೇಕು?

ಗಾಳಿ ದಿಕ್ಕು ನೋಡಿ ನಕ್ಷೆ ಬರೀರಿ. ಜನವರಿಯಲ್ಲಿ ಸಾಮಾನ್ಯವಾಗಿ ಮೂಡಗಾಳಿ, ಆದ್ರೂ ಎರಡು ಸಂಜೆ ಹೋಗಿ ಒಂದು ಹಿಡಿ ಹೊಟ್ಟು ತೂರಿ ನೋಡಿ. ಟೆಂಟ್ ಮೂಡಣಕ್ಕಿರಲಿ, ಅಡುಗೆ, ಜನರೇಟರ್, ಟಾಯ್ಲೆಟ್ ಪಡುವಣಕ್ಕೆ. ವೇದಿಕೆಯ ಬೆನ್ನು ಟೆಂಟ್ ಕಡೆಗಿದ್ರೆ ಮಕ್ಕಳಾದ್ರೂ ನಿದ್ದೆ ಮಾಡ್ತಾವೆ.

ಕ್ಯಾಂಪ್ ಫೈರ್: ಒಂದೇ ಒಂದು, ಟೆಂಟ್‌ಗಳಿಂದ 30 ಮೀಟರ್ ದೂರ, ಗಾಳಿ ಹೋಗೋ ದಿಕ್ಕಲ್ಲಿ, ಸುತ್ತ 3 ಮೀಟರ್ ಬರೀ ಮಣ್ಣು, ಒಬ್ಬ ಕಾವಲು. ರಾತ್ರಿ 11ಕ್ಕೆ ನೀರು ಹೊಯ್ದು, ಕೆದಕಿ, ಮತ್ತೆ ನೀರು ಹೊಯ್ದು ಆರಿಸಿ. ಮೇಲೆ ಬೂದಿ ಇದ್ದು ಒಳಗೆ ಕೆಂಡ ಇರುತ್ತೆ, ಬೆಳಗಿನ ಗಾಳಿಗೆ ಅದೇ ಹಾರೋದು. ಪಕ್ಕದ ಮರದಲ್ಲೋ ಬಂಡೆಯಲ್ಲೋ ಹೆಜ್ಜೇನು ಕಟ್ಟಿದ್ರೆ ಬೆಂಕಿಯೂ ಬೇಡ, ಪಟಾಕಿಯೂ ಬೇಡ, ಡ್ರೋನೂ ಬೇಡ. ಟೆಂಟ್ ಒಳಗೆ ಮೇಣದಬತ್ತಿ, ಸೊಳ್ಳೆ ಬತ್ತಿ, ಕೆಂಡದ ಅಗ್ಗಿಷ್ಟಿಕೆ ಪೂರ್ತಿ ನಿಷೇಧ. ನೈಲಾನ್ ಕರಗಿ ಮೈಗೆ ಅಂಟುತ್ತೆ. ಮುಚ್ಚಿದ ಟೆಂಟ್‌ನಲ್ಲಿ ಕೆಂಡ ಇಟ್ರೆ ಕಾರ್ಬನ್ ಮಾನಾಕ್ಸೈಡ್, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳಲ್ಲ.

30 ಮೀಟರ್‌ಗೊಂದು ಬೆಂಕಿ ಕಟ್ಟೆ: 200 ಲೀಟರ್ ಡ್ರಮ್ ನೀರು, ನಾಲ್ಕು ಬಕೆಟ್, ಬೆಂಕಿ ಆರಿಸೋ ಪುಡಿ ತುಂಬಿದ ಒಂದು 6 ಕೆ.ಜಿ. ಎಬಿಸಿ ಸಿಲಿಂಡರ್. ಆ ಸಿಲಿಂಡರ್ ಹದಿನೈದು ಸೆಕೆಂಡ್ ಆಸುಪಾಸಿನಲ್ಲಿ ಖಾಲಿ ಆಗುತ್ತೆ, ಹಾಗಾಗಿ ಬಕೆಟ್ ಇಲ್ಲದೆ ಅದನ್ನೊಂದೇ ನಂಬಬೇಡಿ. ಪೆಂಡಾಲ್‌ಗಳ ಬೆಂಕಿ ಮುನ್ನೆಚ್ಚರಿಕೆಗೆ ಅಂತಲೇ ಐಎಸ್ 8758 ಮಾನಕ ಇದೆ, ಅಗ್ನಿಶಾಮಕ ಠಾಣೆಗೆ ಅರ್ಜಿ ಕೊಡುವಾಗ ನಕ್ಷೆ ಅದಕ್ಕೆ ಹೊಂದೋ ಹಾಗಿರಲಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಮಂಡಕ್ಕಿ ಮಿರ್ಚಿ, ಬೆಣ್ಣೆ ದೋಸೆ ಅಂಗಡಿ ಇಲ್ಲದೆ ನಮ್ಮ ಕಡೆ ಜನ ಕೂರಲ್ಲ. ಅವರನ್ನ ಎಲ್ಲಿ ಹಾಕೋದು?

ಉತ್ತರ (ಸುರಕ್ಷತೆಯವರು): ಟೆಂಟ್ ಸಾಲಿಗೆ 15 ಮೀಟರ್ ಆಚೆ, ಅಂಗಡಿಯಿಂದ ಅಂಗಡಿಗೆ 3 ಮೀಟರ್. ಮಿರ್ಚಿ ಬಾಣಲೆಯೇ ಅಲ್ಲಿರೋ ದೊಡ್ಡ ಅಪಾಯ. ಎಣ್ಣೆ ಹೊತ್ತಿಕೊಂಡ್ರೆ ನೀರು ಹಾಕೋದು ಎಲ್ಲರ ಮೊದಲ ಬುದ್ಧಿ, ನೀರು ಎಣ್ಣೆ ತಳಕ್ಕೆ ಇಳಿದು ಕ್ಷಣದಲ್ಲಿ ಆವಿಯಾಗಿ ಉರಿಯೋ ಎಣ್ಣೆನ ಮೇಲಕ್ಕೆ ಎಸೆಯುತ್ತೆ. ಬಾಣಲೆಗೆ ಸರಿಹೊಂದೋ ತಗಡಿನ ಮುಚ್ಚಳ ಪಕ್ಕದಲ್ಲೇ ಇಲ್ಲದಿದ್ರೆ ಒಲೆ ಹಚ್ಚೋಕೆ ಬಿಡಬೇಡಿ. ಗ್ಯಾಸ್ ಬಂದ್, ಮುಚ್ಚಳ ಹಾಕು, ಮುಟ್ಟಬೇಡ, ಇಷ್ಟೇ. 19 ಕೆ.ಜಿ. ಸಿಲಿಂಡರ್ ನೆಟ್ಟಗೆ, ಅಂಗಡಿ ಹಿಂದೆ ಹೊರಗೆ, ಐಎಸ್ಐ ಗುರುತಿನ ರಬ್ಬರ್ ಪೈಪ್, ಎರಡೂ ತುದಿಗೆ ಕ್ಲಿಪ್. ಲೈಸೆನ್ಸ್ ಇಲ್ಲದೆ ಒಂದು ಜಾಗದಲ್ಲಿ 100 ಕೆ.ಜಿ. ದಾಟಿ ಗ್ಯಾಸ್ ಕೂಡಿಡೋ ಹಾಗಿಲ್ಲ, ಅಂದ್ರೆ ಐದು ಸಿಲಿಂಡರ್. ಎಲ್ಲ ಅಂಗಡಿಯ ಸ್ಪೇರ್ ಒಂದೇ ಮೂಲೆಯಲ್ಲಿ ಪೇರಿಸೋದು ಬೇಡ.

ಉತ್ತರ (ನೀರು, ನೈರ್ಮಲ್ಯ ಇಂಜಿನಿಯರ್): ಟಾಯ್ಲೆಟ್ ವಿಷಯ ಸ್ವಲ್ಪ ಉದ್ದ ಬರೀತೀನಿ, ಇಂಥ ಕಾರ್ಯಕ್ರಮ ಕೆಡೋದು ಇಲ್ಲೇ. ಪರಿಹಾರ ಶಿಬಿರಗಳಿಗೆ ಜಗತ್ತಿನಾದ್ಯಂತ ಬಳಸೋ ಸ್ಫಿಯರ್ ಮಾನದಂಡ 20 ಜನಕ್ಕೊಂದು ಕೇಳುತ್ತೆ. ನಿಮ್ಮಲ್ಲಿ ಹೆಣ್ಣುಮಕ್ಕಳಿಗೆ 20ಕ್ಕೊಂದರಂತೆ 13 ಕಡ್ಡಾಯವಾಗಿ ಕೊಡಿ. ಗಂಡಸರಿಗೆ ಮೂತ್ರಿ ಬೇರೆ ಇದ್ರೆ 50ಕ್ಕೊಂದರಂತೆ 7 ಸಾಕು, ಜೊತೆಗೆ 7 ಮೂತ್ರಿ. ಗಾಲಿಕುರ್ಚಿ ಹೋಗೋ ಅಗಲದ್ದು ಒಂದು.

ಬಾಡಿಗೆ ಕ್ಯಾಬಿನ್ ತರಿಸ್ತೀರಿ ಅಂದ್ಕೊಳ್ಳಿ. ತೊಟ್ಟಿ 200 ಲೀಟರ್ ಅಂತಿಟ್ಟುಕೊಳ್ಳಿ. ನಮ್ಮೋರು ನೀರು ಬಳಸೋರು, ಒಂದು ಸಲಕ್ಕೆ ತೊಳೆಯೋದು ಸೇರಿ ಕನಿಷ್ಠ 4 ಲೀಟರ್. ಅಲ್ಲಿಗೆ 50 ಸಲಕ್ಕೆ ತೊಟ್ಟಿ ಭರ್ತಿ. 20 ಹೆಣ್ಣುಮಕ್ಕಳು ದಿನಕ್ಕೆ ನಾಲ್ಕು ಸಲ ಹೋದ್ರೆ 80. ಶನಿವಾರ ಮಧ್ಯಾಹ್ನದ ಹೊತ್ತಿಗೆ ಬಾಗಿಲ ಕೆಳಗೆ ಹರಿಯೋಕೆ ಶುರು, ಜನ ತೋಟದ ಕಡೆ ಹೊರಟ್ರು ಅಂತಲೇ ಲೆಕ್ಕ. ಅದಕ್ಕೆ ಎರಡೇ ದಾರಿ. ಒಂದು, ಸಕ್ಕಿಂಗ್ ಗಾಡಿ ದಿನಕ್ಕೆರಡು ಸಲ, ಬೆಳಗ್ಗೆ 5ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ ಬರೋ ಹಾಗೆ ಮುಂಗಡ ಕೊಟ್ಟು ಕಾಯ್ದಿರಿಸೋದು, ಗಾಡಿ ಕ್ಯಾಬಿನ್ ಹಿಂದೆ ಹೋಗೋಕೆ ದಾರಿ ಬಿಡೋದು. ಇನ್ನೊಂದು, ತಾತ್ಕಾಲಿಕ ಗುಂಡಿ. ಗರಸು ನೆಲ ಆದ್ರೆ ನೀರು ಇಂಗುತ್ತೆ. ಎರೆಯಲ್ಲಿ ಇಂಗಲ್ಲ, ಗುಂಡಿ ಕೆರೆಯಾಗುತ್ತೆ. ಬೋರ್‌ನಿಂದ 30 ಮೀಟರ್ ದೂರ ಕಡ್ಡಾಯ. ಏನೇ ಕಟ್ಟಿಕೊಂಡ್ರೂ ಮನುಷ್ಯರನ್ನ ತೊಟ್ಟಿಗೆ ಇಳಿಸೋ ಹಾಗಿಲ್ಲ, ಕೈಯಾರೆ ಮಲ ಬಾಚಿಸೋದನ್ನ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅದು ಅಪರಾಧ.

ಟೆಂಟ್‌ನಿಂದ ಟಾಯ್ಲೆಟ್ 50 ಮೀಟರ್ ಒಳಗಿರಲಿ, ಹೆಂಗಸರದ್ದು ಹೆಂಗಸರ ಬ್ಲಾಕ್ ಪಕ್ಕದಲ್ಲೇ. ಒಳಗಿನ ಚಿಲಕ ಪ್ರತಿಯೊಂದನ್ನೂ ಕೈಯಾರೆ ಹಾಕಿ ನೋಡಿ. ಪ್ಯಾಡ್ ಹಾಕೋಕೆ ಮುಚ್ಚಳದ ಡಬ್ಬ ಒಳಗೇ ಇರಲಿ, ಇಲ್ಲಾಂದ್ರೆ ತೊಟ್ಟಿಗೆ ಬೀಳುತ್ತೆ, ಸಕ್ಕಿಂಗ್ ಪೈಪ್ ಕಟ್ಟುತ್ತೆ.

ನೀರು ತಲೆಗೆ 20 ಲೀಟರ್ ಇಟ್ಕೊಂಡ್ರೆ ದಿನಕ್ಕೆ 12,000. ಬೋರ್ ನಂಬಬೇಡಿ, ಮೋಟರ್ ಸುಟ್ಟರೆ? 5,000 ಲೀಟರ್ ಟ್ಯಾಂಕ್ ಮೂರು ಇಟ್ಟು ಹಿಂದಿನ ರಾತ್ರಿಯೇ ತುಂಬಿಸಿ. ಕುಡಿಯೋಕೆ ಶುದ್ಧ ನೀರಿನ ಘಟಕದ ಕ್ಯಾನ್ ಬೇರೆ. ಟ್ಯಾಂಕ್‌ಗೆ ಬ್ಲೀಚಿಂಗ್ ಪೌಡರ್: ಒಳ್ಳೇ, ಹೊಸ ಪುಡಿ ಆದ್ರೆ 1,000 ಲೀಟರ್‌ಗೆ ಎರಡೂವರೆ ಗ್ರಾಂ. ಪುಡಿನ ನೇರ ಸುರೀಬೇಡಿ. ಬಕೆಟ್‌ನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿ ಮಾತ್ರ ಟ್ಯಾಂಕ್‌ಗೆ ಹಾಕಿ, ಒಂದು ಗಂಟೆ ಕಾಯಿರಿ. ಆಮೇಲೆ ಕ್ಲೋರೋಸ್ಕೋಪ್‌ನಲ್ಲಿ (ನೀರಲ್ಲಿರೋ ಕ್ಲೋರಿನ್ ಅಳೆಯೋ ಕಿಟ್) ನೋಡಿದ್ರೆ ಲೀಟರ್‌ಗೆ 0.5 ಮಿ.ಗ್ರಾಂ. ಕ್ಲೋರಿನ್ ಉಳಿದಿರಬೇಕು. ಉಳಿದಿಲ್ಲ ಅಂದ್ರೆ ಪುಡಿ ಹಳೇದು ಅಥವಾ ಟ್ಯಾಂಕ್ ಕೊಳೆ.

ಉತ್ತರ (ಎಲೆಕ್ಟ್ರಿಕಲ್ ಕಂಟ್ರಾಕ್ಟರ್): ವೇದಿಕೆಗೆ ಒಂದು ಜನರೇಟರ್, ಕ್ಯಾಂಪಿಗೆ ಇನ್ನೊಂದು. ಸೌಂಡ್‌ನೋರ ಲೋಡ್‌ಗೆ ಟ್ರಿಪ್ ಆದ್ರೆ ಟಾಯ್ಲೆಟ್ ದಾರಿ ಕತ್ತಲಾಗಬಾರದು. 20 ವ್ಯಾಟ್‌ನ 40 ಎಲ್ಇಡಿ, ಮೊಬೈಲ್ ಚಾರ್ಜಿಂಗ್ ಟೇಬಲ್ ಸೇರಿ 3 ಕಿಲೋವ್ಯಾಟ್ ದಾಟಲ್ಲ, 7.5 ಕೆವಿಎ ಸೈಲೆಂಟ್ ಸೆಟ್ ಸಾಕು. ಟೆಂಟ್ ಒಳಗೆ ವೈರ್ ಬೇಡವೇ ಬೇಡ.

ಎಲ್ಲರೂ ಮರೆಯೋದು ಇದು: 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್) ಹಾಕಿರ್ತಾರೆ, ಜನರೇಟರ್‌ನ ನ್ಯೂಟ್ರಲ್ ಅರ್ತ್ ಮಾಡಿರಲ್ಲ. ಆಗ ಲೀಕ್ ಆದ ಕರೆಂಟ್‌ಗೆ ನೆಲದ ಮೂಲಕ ವಾಪಸ್ ಹೋಗೋ ದಾರಿ ಇರಲ್ಲ, ಆರ್‌ಸಿಸಿಬಿ ಸುಮ್ಮನೆ ಕೂತಿರುತ್ತೆ. ಅದರ ಟೆಸ್ಟ್ ಬಟನ್ ಒತ್ತಿದ್ರೆ ಮಾತ್ರ ಟಕ್ ಅಂತ ಬೀಳುತ್ತೆ, ಯಾಕಂದ್ರೆ ಆ ಬಟನ್ ಒಳಗಿನ ಯಂತ್ರ ನೋಡುತ್ತೆ, ಅರ್ತಿಂಗ್ ನೋಡಲ್ಲ. ಸೆಟ್ ಬಾಡಿ, ನ್ಯೂಟ್ರಲ್ ಎರಡನ್ನೂ ಅರ್ತ್‌ಗೆ ಸೇರಿಸಿ ಮೀಟರ್ ಹಿಡಿದು ತೋರಿಸು ಅಂತ ಕೇಳಿ. ಚಿತ್ರದುರ್ಗದ ಒಣ ಗರಸಿನಲ್ಲಿ ಒಂದು ರಾಡ್ ಹೊಡೆದ್ರೆ ಅರ್ತ್ ಸಿಗಲ್ಲ. ಎರಡು ಮೂರು ರಾಡ್ ದೂರ ದೂರ ಹೊಡೆದು ಜೋಡಿಸಿ, ಸಂಜೆ ಬೆಳಗ್ಗೆ ನೀರು ಹಾಕಿಸಿ. ಬೆಸ್ಕಾಂ ತಾತ್ಕಾಲಿಕ ಸಂಪರ್ಕ ತಗೊಂಡ್ರೂ ಜನರೇಟರ್ ಇರಲಿ. ಹೊಲದ ಮೇಲೆ ಎಚ್‌ಟಿ (ಹೈ ಟೆನ್ಷನ್) ಲೈನ್ ಹಾದಿದ್ರೆ ಅದರಡಿ ಏನೂ ಬೇಡ.

ಉತ್ತರ (ವೈದ್ಯೆ, ದಾವಣಗೆರೆ): ಕಲ್ಲು ನೆಲದಲ್ಲಿ ಗರಗಸ ಮಂಡಲ, ಹೊಲದಲ್ಲಿ ಕೊಳಕು ಮಂಡಲ, ನಾಗರ, ಕಟ್ಟುಹಾವು ನಾಲ್ಕೂ ನಮ್ಮ ಕಡೆ ಉಂಟು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಕಚ್ಚೋದು, ನೋವೂ ಅಷ್ಟಾಗಿ ಇರಲ್ಲ. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಜೋತುಬೀಳೋದು, ಮಾತು ತೊದಲೋದು ಕಂಡ್ರೆ "ರಾತ್ರಿ ಕುಡಿದಿದ್ದ" ಅಂತ ಬಿಟ್ಟುಬಿಡಬೇಡಿ. ಟೆಂಟ್ ಜಿಪ್ ಸದಾ ಮುಚ್ಚಿರಲಿ, ತಳದ ಬಟ್ಟೆ ಗೋಡೆಗೇ ಹೊಲಿದಿರೋ ಟೆಂಟ್‌ಗೆ ಮಾತ್ರ ಅವಕಾಶ ಕೊಡಿ. ಬೂಟು ಜಾಡಿಸಿ ಹಾಕ್ಕೊಳ್ಳಿ, ಚೇಳು ಇರುತ್ತೆ. ಊಟದ ಚೂರು ಬಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು.

ಕಚ್ಚಿದ್ರೆ ಕಟ್ಟಬೇಡಿ, ಕುಯ್ಯಬೇಡಿ, ಹೀರಬೇಡಿ, ನಾಟಿ ಔಷಧಿ ಅಂತ ಹೊತ್ತು ಕಳೀಬೇಡಿ. ಉಂಗುರ, ಬಳೆ ಬಿಚ್ಚಿ, ಕೈಯೋ ಕಾಲೋ ಅಲುಗದ ಹಾಗೆ ದಬ್ಬೆ ಕೊಟ್ಟು, ನಡೆಸದೆ ಎತ್ತಿಕೊಂಡು ಜಿಲ್ಲಾಸ್ಪತ್ರೆಗೆ. ವಾರದ ಮುಂಚೆಯೇ ಆಸ್ಪತ್ರೆಗೆ ಪತ್ರ ಕೊಟ್ಟು ಹಾವಿನ ವಿಷಕ್ಕೆ ಔಷಧ ದಾಸ್ತಾನಿದೆಯಾ ಕೇಳಿ, ಒಬ್ಬರಿಗೆ ಶುರುವಿನಲ್ಲೇ 8ರಿಂದ 10 ವಯಲ್ (ಸಣ್ಣ ಬಾಟಲಿ) ಬೇಕಾಗುತ್ತೆ. 108ಕ್ಕೆ ಕಾಯೋ ಬದಲು ಒಂದು ಆಂಬುಲೆನ್ಸ್ ಗೇಟಿನಲ್ಲೇ ನಿಂತಿರಲಿ, ಡ್ರೈವರ್ ಸಮೇತ. ಚೇಳು ಕಚ್ಚಿದ ಮಗುವಿಗೆ ತಣ್ಣನೆ ಬೆವರು, ವಾಂತಿ ಬಂದ್ರೆ ಅದೂ ತುರ್ತೇ.

ಪ್ರಶ್ನೆ (ಆಯೋಜಕರು): ತುಂಬಾ ಉಪಕಾರ ಆಯ್ತು. ಹತ್ತು ಗಂಟೆ ಮೇಲೆ ಮೈಕ್ ಇಲ್ಲದೆ ಏಕತಾರಿ, ದಮ್ಮಡಿ ಹಿಡಿದು ಹಾಡಿದ್ರೆ ಆಗುತ್ತಾ? ಜಾಗ ಸರಿಹೋಗದಿದ್ರೆ ಜೋಗಿಮಟ್ಟಿ ಮೇಲೆ ಮಾಡ್ಬಹುದಾ?

ಉತ್ತರ (ಸುರಕ್ಷತೆಯವರು): ಜೋಗಿಮಟ್ಟಿ ವನ್ಯಧಾಮ, ಚಿರತೆ ಕರಡಿ ಇರೋ ಕಾಡು. ಮೈಕ್ ಸೆಟ್ ಮಾತೇ ಬೇಡ. ಶಾಂತಿಸಾಗರದಂಥ ಕೆರೆ ದಡವೂ ಬೇಡ, ರಾತ್ರಿ ನೀರಿಗಿಳಿಯೋರನ್ನ ಕಾಯೋದು ಅಸಾಧ್ಯ.

2000ದ ಶಬ್ದಮಾಲಿನ್ಯ ನಿಯಮ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ತಡೆಯುತ್ತೆ. 2010ರ ತಿದ್ದುಪಡಿ ವಾದ್ಯಗಳನ್ನೂ ಸೇರಿಸಿದೆ, ಹಾಗಾಗಿ ಮೈಕ್ ಇಲ್ಲ ಅನ್ನೋ ಸಬೂಬು ನಡೆಯಲ್ಲ. ಸಾಂಸ್ಕೃತಿಕ ಸಂದರ್ಭಕ್ಕೆ 12ರವರೆಗೆ ಸಡಿಲಿಸೋ ಅಧಿಕಾರ ಸರ್ಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ಪೊಲೀಸ್ ಅರ್ಜಿಯಲ್ಲಿ 10ಕ್ಕೆ ಮುಗಿಯುತ್ತೆ ಅಂತಲೇ ಬರೀರಿ. ತತ್ವಪದವನ್ನ ಬೆಳಗ್ಗೆ 6ರ ಮೇಲೆ ಇಟ್ಕೊಂಡ್ರೆ ಇನ್ನೂ ಚೆಂದ. ಮತ್ತೆ, ಸೌಂಡ್ ಇಂಜಿನಿಯರ್ ಹತ್ರ ಒಂದು ಚೀಟಿ ಇರಲಿ: ಬೆಂಕಿ, ಗಾಳಿ, ಮಗು ಕಾಣೆ, ಮೂರಕ್ಕೂ ಏನು ಘೋಷಿಸಬೇಕು ಅಂತ ಕನ್ನಡದಲ್ಲಿ ಮೊದಲೇ ಬರೆದದ್ದು. ಹಾಡು ನಿಲ್ಲಿಸು ಅನ್ನೋ ಅಧಿಕಾರ ಯಾರಿಗೆ ಅಂತಲೂ ಅದರಲ್ಲೇ ಬರೀರಿ, ಒಬ್ಬರಿಗೇ.

ಉತ್ತರ (ಶಾಮಿಯಾನ ಕಂಟ್ರಾಕ್ಟರ್): ಒಂದು ಬಿಟ್ಟುಹೋಯ್ತು. 250 ಟೆಂಟ್‌ಗೆ ಎಂಟರಂತೆ 2,000 ಮೊಳೆ. ಐವತ್ತರ ಚೀಲ ಮಾಡಿ ಬ್ಲಾಕ್‌ವಾರು ಲೆಕ್ಕ ಬರೆದು ಕೊಡಿ, ಭಾನುವಾರ ಚೀಲ ಭರ್ತಿ ಆಗದೆ ಯಾರ ಬಾಡಿಗೆಯೂ ಚುಕ್ತಾ ಮಾಡಬೇಡಿ. ಮಣ್ಣಲ್ಲಿ ಉಳಿದ ಸರಳು ಮುಂಗಾರಿಗೆ ರೋಟವೇಟರ್ ಬ್ಲೇಡ್ ಮುರಿಯುತ್ತೆ, ಇಲ್ಲಾ ಎತ್ತಿನ ಕಾಲಿಗೆ ಹೋಗುತ್ತೆ, ಮುಂದಿನ ವರ್ಷ ಆ ಹೊಲದೋರು ನಿಮ್ಮನ್ನ ಒಳಗೆ ಬಿಡಲ್ಲ.