ಅಪ್‌ಡೇಟ್: ಅಕ್ಕನ ಮಗನಿಗೆ ಜಾಮೀನು ಸಿಕ್ಕಿತು

ಕೊಲೆ ಯತ್ನದ ಆರೋಪ ಹೊತ್ತ ಹದಿನೇಳರ ಹುಡುಗನಿಗೆ ಜಾಮೀನು ಸಿಗುತ್ತದೆಯೇ ಎಂದು ಹಿಂದೆ ಕೇಳಿದ್ದೆ. ‘ಆರೋಪ ಗಂಭೀರ, ಆಸೆ ಬಿಡಿ’ ಎಂದವರೇ ಹೆಚ್ಚು. ಅವನು ಮೊನ್ನೆ ಮನೆಗೆ ಬಂದ.

ಬಾಲ ನ್ಯಾಯ ಕಾಯ್ದೆ, 2015ರ 12ನೇ ಕಲಂ ಲೆಕ್ಕವನ್ನೇ ತಿರುಗಿಸುತ್ತದೆ. ಅಪರಾಧ ಜಾಮೀನುರಹಿತವಾದರೂ ಮಕ್ಕಳಿಗೆ ಜಾಮೀನೇ ನಿಯಮ. ನಿರಾಕರಿಸಲು ಮೂರೇ ಕಾರಣ: ಅಪರಾಧಿಗಳ ಸಹವಾಸಕ್ಕೆ ಬೀಳುವ ಸಂಭವ, ಮಗುವಿಗೇ ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯ, ಇಲ್ಲವೇ ಬಿಡುಗಡೆಯಿಂದ ನ್ಯಾಯದ ಉದ್ದೇಶವೇ ವಿಫಲವಾಗುವುದು. ಕಾರಣವನ್ನು ಬಾಲ ನ್ಯಾಯ ಮಂಡಳಿ, ಅಂದರೆ ಮಕ್ಕಳ ಮೇಲಿನ ಪ್ರಕರಣ ನೋಡುವ ಪೀಠ, ಬರೆದೇ ತಿಳಿಸಬೇಕು. ಎದುರು ಪಕ್ಷ ಆ ಮೂರನೆಯದನ್ನೇ ಹಿಡಿದು ಜಗ್ಗಿತು. ಅದು ರಬ್ಬರಿನಂತೆ ಹಿಗ್ಗುವ ಮಾತು, ನನಗೆ ಭಯವಿದ್ದದ್ದೂ ಅದರದೇ.

ನಮ್ಮ ಕೈಹಿಡಿದದ್ದು ಪ್ರೊಬೇಷನ್ ಅಧಿಕಾರಿಯ ಸಾಮಾಜಿಕ ತನಿಖಾ ವರದಿ. ಶಾಲೆ, ಗೆಳೆಯರು, ಮನೆಯಲ್ಲಿ ನಿಗಾ ಇಡುವವರು ಯಾರು, ಎಲ್ಲವನ್ನೂ ಅವರು ವಿಚಾರಿಸಿದ್ದರು. ಅಕ್ಕ ಮೊದಲು ಮುಚ್ಚಿಟ್ಟು ಮಾತನಾಡಿದಳು. ಆಮೇಲೆ ನಾನೇ ಗದರಿ ನಿಜ ಹೇಳಿಸಿದೆ.

ಒಂದು ತಿದ್ದುಪಡಿ. ಇವನಿಗೆ ವಯಸ್ಕರಂತೆ ವಿಚಾರಣೆಯಾಗಬಹುದು ಎಂದು ಆ ಹಿಂದಿನ ಪ್ರಶ್ನೆಯಲ್ಲಿ ಬರೆದಿದ್ದೆ, ತಪ್ಪು. ಅದಕ್ಕಾಗಿ ನಡೆಯುವ ಪ್ರಾಥಮಿಕ ಮೌಲ್ಯಮಾಪನ ಹದಿನಾರು ದಾಟಿದವರ ಮೇಲಿನ ‘ಘೋರ’ ಅಪರಾಧಗಳಿಗೆ ಮಾತ್ರ, ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇರುವಂಥವಕ್ಕೆ. ಇವನ ಮೇಲಿನ ಆರೋಪಕ್ಕೆ ಗರಿಷ್ಠ ಮಿತಿಯಿದೆ, ಅಂಥ ಕನಿಷ್ಠ ಶಿಕ್ಷೆಯಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಇಂಥವು ‘ಘೋರ’ಕ್ಕಿಂತ ಕೆಳಗಿನ ‘ಗಂಭೀರ’ ವರ್ಗಕ್ಕೇ ಸೇರುತ್ತವೆ ಎಂದಿತು.

ಪ್ರಕರಣ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಅವನು ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿದ್ದಾನೆ.